ಶಿವಲಿಂಗಪ್ಪನವರು ಕಾಣದ ಉಂಚಳ್ಳಿ

ಶಿರಸಿಯ ಬಾಡಿಗೆ ಕಾರುಗಳ ನಿಲ್ದಾಣದಲ್ಲಿ ಶಿವಲಿಂಗಪ್ಪನವರು ಚಾಲಕರಾಗಿ ಸೇರಿದ್ದು 1984ರ ಜೂನ್ 11, ಸೋಮವಾರ. ಅವರ ಕೊನೆಯ ಬಾಡಿಗೆ 2019ರ ಮಾರ್ಚ್ 31, ಭಾನುವಾರ. ಕೊರೊನಾ ಕಾಲದಲ್ಲಿ ಕೆಲಸ ಬಿಟ್ಟರೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ಅದಕ್ಕೆ ಒಂದು ವರ್ಷ ಮೊದಲೇ ಬಿಟ್ಟಿದ್ದರು. ಈ ಎರಡು ದಿನಾಂಕಗಳ ನಡುವೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅವರು ಪ್ರವಾಸಿಗರನ್ನು ಕರೆದೊಯ್ಯದ ಸ್ಥಳವಿರಲಿಲ್ಲ. ಹುಟ್ಟೂರಿನ ಪಕ್ಕದ ಬನವಾಸಿಯ ದೇವಸ್ಥಾನವೊಂದನ್ನು ಬಿಟ್ಟರೆ, ಅವರು ಸ್ವತಃ ಕಂಡ ಸ್ಥಳವೂ ಇರಲಿಲ್ಲ.

ಕಾರಣ ಸರಳವಾಗಿತ್ತು. ಗಾಡಿ ನಿಲ್ಲುವ ಜಾಗದಿಂದಾಚೆಗೆ ಚಾಲಕ ಹೋಗಕೂಡದೆಂಬುದು ಆ ನಿಲ್ದಾಣದ ಕಟ್ಟುಪಾಡು. ಪ್ರವಾಸಿಗರ ಚೀಲಗಳೆಲ್ಲ ಗಾಡಿಯಲ್ಲಿರುತ್ತಿದ್ದವು. ಮಂಗಗಳು ಕನ್ನಡಿಯನ್ನೂ ವೈಪರನ್ನೂ ಕಿತ್ತೊಯ್ಯುತ್ತಿದ್ದವು. ಕೆಲಸಕ್ಕೆ ಸೇರಿದ ದಿನವೇ ಗಾಡಿಯ ಒಡೆಯರಾದ ವೆಂಕಟ್ರಮಣ ಹೆಗಡೆಯವರು ಹೇಳಿದ್ದರು: "ಜಲಪಾತ ಅವ್ರು ನೋಡ್ಲಿ, ನೀ ಗಾಡಿ ನೋಡು ಮಾರಾಯ." ಶಿವಲಿಂಗಪ್ಪನವರು ಆ ಮಾತನ್ನು ಅಕ್ಷರಶಃ ಪಾಲಿಸಿದರು.

ಅವರ ಸುತ್ತಾಟಕ್ಕೊಂದು ಕ್ರಮವಿತ್ತು. ಮೊದಲ ದಿನ ಸೋಂದೆ, ಸಹಸ್ರಲಿಂಗ, ಯಲ್ಲಾಪುರ ದಾಟಿ ಮಾಗೋಡು, ಸೂರ್ಯಾಸ್ತಕ್ಕೆ ಜೇನುಕಲ್ಲು ಗುಡ್ಡ. ಮರುದಿನ ಉಂಚಳ್ಳಿ, ಸಿದ್ದಾಪುರ, ಜೋಗ. ಮೂರನೆಯ ದಿನ ಯಾಣ. ಅಲ್ಲಿಂದ ದೇವಿಮನೆ ಘಟ್ಟವಿಳಿದು ಗೋಕರ್ಣ. ಎಲ್ಲಿ ಹೋದರೂ ಜನ ಇಳಿದೊಡನೆ ಗಾಡಿಯನ್ನು ಊರಿನ ಕಡೆಗೆ ಮುಖಮಾಡಿ ತಿರುಗಿಸಿ ನಿಲ್ಲಿಸುವುದು ಅವರ ಪದ್ಧತಿ. ಹೀಗಾಗಿ ಜೇನುಕಲ್ಲು ಗುಡ್ಡದಲ್ಲಿ ಸೂರ್ಯ ಮುಳುಗುವುದನ್ನು ಅವರು ಎದುರಿನ ಗಾಜಿನ ಮೇಲಿನ ಪುಟ್ಟ ಕನ್ನಡಿಯಲ್ಲಿ ಮಾತ್ರ ನೋಡುತ್ತಿದ್ದರು.

ಉಂಚಳ್ಳಿಯ ವಿಷಯ ಮಾತ್ರ ಬೇರೆ. ಅಲ್ಲಿ ಗಾಡಿ ನಿಲ್ಲುವ ಜಾಗಕ್ಕೂ ಜಲಪಾತದ ಮೊರೆತ ಕೇಳುತ್ತದೆ. ಕೆಳಗೆ ಹೋದವರು ಮರಳುವಾಗ ಅವರ ಕೂದಲ ಮೇಲೆ ತುಂತುರು ಹನಿಗಳಿರುತ್ತಿದ್ದವು. ದಾರಿಯುದ್ದಕ್ಕೂ ಜಗಳವಾಡುತ್ತ ಬಂದ ಗಂಡಹೆಂಡಿರು ಸಹ ಸುಮ್ಮನೆ ಬಂದು ಕುಳಿತುಕೊಳ್ಳುತ್ತಿದ್ದರು. ಇವರನ್ನು ಹೀಗೆ ಮಾಡುವಂಥದ್ದು ಆ ಕಣಿವೆಯಲ್ಲಿ ಏನಿದೆ ಎಂಬ ಪ್ರಶ್ನೆ ಶಿವಲಿಂಗಪ್ಪನವರ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

"ಉಂಚಳ್ಳಿ ಹೆಂಗೈತ್ರಿ?" ಎಂದು ಪತ್ನಿ ಪಾರ್ವತವ್ವ ಕೇಳಿದಾಗ ಅವರು ಪ್ರಾಮಾಣಿಕವಾಗಿ, "ಗಾಡಿ ನಿಲ್ಸಾಕ ಜಾಗ ಚಲೋ ಐತಿ" ಎಂದಿದ್ದರು. ಆಕೆ ಅದನ್ನು ಮರೆಯಲಿಲ್ಲ. ನೆಂಟರು ಬಂದಾಗಲೆಲ್ಲ, "ನಮ್ಮನಿಯವ್ರು ದೇಶಾ ಎಲ್ಲಾ ತಿರಗ್ಯಾರ. ಎಲ್ಲೆಲ್ಲಿ ನೆರಳ ಐತಿ ಕೇಳ್ರಿ, ಹೇಳ್ತಾರ" ಎಂದು ಚುಚ್ಚುತ್ತಿದ್ದರು.

ಕಾಲಕ್ರಮೇಣ ಪ್ರವಾಸಿಗರು ತಾವೇ ಕಾರು ಓಡಿಸಿಕೊಂಡು ಬರತೊಡಗಿದರು. ಬಾಡಿಗೆಗೆ ಸಿಗುವ ಕಾರಿನಲ್ಲೂ ಚಾಲಕ ಬೇಕಾಗಲಿಲ್ಲ. ಫೋನು ದಾರಿ ಹೇಳುತ್ತಿತ್ತು. ಕೆಲಸ ಬಿಟ್ಟ ಮೇಲೆ ಶಿವಲಿಂಗಪ್ಪನವರು ಶಿರಸಿಯ ಅಂಚಿನ ಇಸಳೂರಿನಲ್ಲಿ, ಮಗ ಶರಣನ ಮನೆಯಲ್ಲಿ ನೆಲೆಸಿದರು. ಸಿಗ್ನಲ್ ಕಳೆದುಕೊಂಡ ಯಾರಾದರೂ ಕಾರು ನಿಲ್ಲಿಸಿ ಉಂಚಳ್ಳಿಯ ದಾರಿ ಕೇಳುವುದಿತ್ತು. ಅಮ್ಮಿನಳ್ಳಿಯಲ್ಲಿ ಎಡಕ್ಕೆ ತಿರುಗಿ, ಹೆಗ್ಗರಣಿಯಲ್ಲಿ ಮತ್ತೊಮ್ಮೆ ಕೇಳಿ ಎಂದು ಅವರು ನಿಧಾನವಾಗಿ ವಿವರಿಸುತ್ತಿದ್ದರು. ಕಾರು ಹೋದ ಮೇಲೂ ಬಹಳ ಹೊತ್ತು ರಸ್ತೆಯ ಅಂಚಿನಲ್ಲೇ ನಿಂತಿರುತ್ತಿದ್ದರು. ಆ ವೇಳೆಗಾಗಲೇ ಅವರ ಮೊಣಕಾಲುಗಳು ಸವೆದಿದ್ದವು. ಮೆಟ್ಟಿಲು ಹತ್ತಿಳಿಯುವ ಕೆಲಸ ಇನ್ನು ಸಾಕೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು.

2025ರ ಅಕ್ಟೋಬರ್ 2, ವಿಜಯದಶಮಿಯಂದು ಸೊಸೆ ಗೀತಾ ಹಳೆಯ ಕಾರೊಂದನ್ನು ಕೊಂಡು ತಂದಳು. ಮನೆಗೆ ಗಾಡಿ ಬಂದ ದಿನವೇ ಶಿವಲಿಂಗಪ್ಪನವರು ಕೇಳಿದರು: "ಉಂಚಳ್ಳಿಗೆ ಒಮ್ಮೆ ಕರ್ಕೊಂಡ್ ಹೋಗ್ತೀಯೇನವ್ವಾ? ಕಾಲು ಪೂರಾ ಹೋಗೂದ್ರಾಗ ನೋಡಬೇಕು." ಅವರು ಸೊಸೆಯ ಬಳಿ ಏನನ್ನಾದರೂ ಬೇಡಿದ್ದು ಅದೇ ಮೊದಲು.

ಹೊರಟದ್ದು ನವೆಂಬರ್ 2, ಭಾನುವಾರ. ಶರಣನಿಗೆ ಅಂದು ಮಧ್ಯಾಹ್ನದ ಪಾಳಿಯ ಕೆಲಸವಿದ್ದುದರಿಂದ ಬೆಳಿಗ್ಗೆಯೇ ಹೊರಟು ಊಟದ ಹೊತ್ತಿಗೆ ಮರಳುವುದೆಂದು ನಿಶ್ಚಯವಾಗಿತ್ತು. ಗೀತಾ ಕಾರು ಓಡಿಸಿದಳು. ಶಿವಲಿಂಗಪ್ಪನವರು ಜೀವನದಲ್ಲಿ ಮೊದಲ ಬಾರಿಗೆ ಆ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕುಳಿತರು.

"ಗೇರ್ ಇಳಸವ್ವಾ, ಮುಂದ ತಿರುವು ಐತಿ."

"ತಿರುವು ನನಗೂ ಕಾಣಾಕತ್ತೈತ್ರಿ ಮಾವಾರ."

"ಕಾಲ್ಯಾಕ ಒತ್ತಾಕತ್ತೀರಿ?" ಎಂದರು ಪಾರ್ವತವ್ವ. "ಹಿಂದಿನ ಸೀಟಿಗೆ ಬ್ರೇಕ್ ಎಲ್ಲೈತಿ?"

"ಒತ್ತಲಿ ಬಿಡವ್ವಾ," ಎಂದ ಶರಣ. "ಕಾರಿನ ತಳಾ ಹರದ್ರ ನಡಕೋತ ಹೋಗೂಣು."

ಗಾಡಿಗಳು ನಿಲ್ಲುವ ಜಾಗ ತಲುಪಿ ಎಲ್ಲರೂ ಇಳಿದು ಹೊರಟ ಮೇಲೆ ಪಾರ್ವತವ್ವ ಹಿಂದಿರುಗಿ ನೋಡಿದರು. ಪತಿ ಕಾರಿನ ಪಕ್ಕದಲ್ಲೇ ನಿಂತು ಮರಗಳ ಮೇಲಿನ ಮಂಗಗಳನ್ನು ಗಮನಿಸುತ್ತಿದ್ದರು. ಒಂದು ಕೈ ವೈಪರಿನ ಮೇಲಿತ್ತು.

"ಬರ್ರಿ. ಇವತ್ತ ನೀವು ಡ್ರೈವರ್ ಅಲ್ಲ."

"ಮಂಗ್ಯಾ ಬಂದ್ರ?"

"ಬಂದ್ರ ಬರಲಿ. ಗಾಡಿಯೇನ್ ಚಾಲೂ ಮಾಡಿ ಒಯ್ತಾವೇನು?"

ಆದರೂ ಅವರು ಕದಲಲಿಲ್ಲ. ಕೊನೆಗೆ ಶರಣ ಮರಳಿ ಬಂದು, "ಅಪ್ಪಾ, ನಾ ಇಲ್ಲೇ ಇರ್ತೀನಿ. ನೀ ಹೋಗು," ಎಂದು ಕಾರಿಗೆ ಒರಗಿ ನಿಂತ. ಮಗನ ಮುಖವನ್ನೊಮ್ಮೆ ನೋಡಿ, "ಕನ್ನಡಿ ಕಡೆ ಲಕ್ಷ್ಯ ಇರಲಿ" ಎಂದಷ್ಟೇ ಹೇಳಿ ಅವರು ನಡೆದರು.

ಮೆಟ್ಟಿಲುಗಳನ್ನು ಅಡ್ಡಡ್ಡಲಾಗಿ, ಕಂಬಿ ಹಿಡಿದು ಇಳಿದರು. ನಡುನಡುವೆ ನಿಂತು ಸುಧಾರಿಸಿಕೊಂಡರು. ನೀರಿನ ಶಬ್ದ ದೊಡ್ಡದಾಗುತ್ತ ಹೋಯಿತು. ಕೊನೆಗೆ ಪಕ್ಕದಲ್ಲಿದ್ದವರ ಮಾತು ಕೇಳಬೇಕಾದರೆ ಕಿವಿಯ ಹತ್ತಿರವೇ ಹೇಳಬೇಕಾಯಿತು. ಕೆಳಗಿನ ಕಟ್ಟೆ ತಲುಪಿ ಕಂಬಿಯ ಮೇಲೆ ಕೈಯೂರಿ ಎದುರಿಗೆ ನೋಡಿದರು.

ಕಣಿವೆ ತುಂಬ ಮಂಜು. ಅಘನಾಶಿನಿ ನದಿ ಎಲ್ಲಿಂದ ಬಿದ್ದು ಎಲ್ಲಿಗೆ ಹೋಗುತ್ತದೆಂಬುದು ತಿಳಿಯುವಂತಿರಲಿಲ್ಲ. ಅಲ್ಲಿ ನಿಂತಿದ್ದ ತರುಣರ ಗುಂಪೊಂದು ಆ ಬಿಳುಪಿನ ಚಿತ್ರ ತೆಗೆದು, ಇದಕ್ಕೇ ಇಷ್ಟು ದೂರ ಬಂದೆವೇ ಎಂದುಕೊಂಡು ಮೇಲೆ ಹೋಯಿತು. ಅವರ ಕೂದಲ ಮೇಲೂ ಹನಿಗಳಿದ್ದವು.

ಗೀತಾ ಬಹಳ ಹೊತ್ತು ಕಾದಳು. ಬಳಿಕ ಮಾವನ ಕಿವಿಯ ಬಳಿ ಬಾಗಿ, "ಇವ್ರ ಡ್ಯೂಟಿಗೆ ತಡಾ ಆಗತೈತ್ರಿ. ಮುಂದಿನ ವಾರ ಮತ್ತ ಬರೂಣು" ಎಂದಳು.

"ಈ ಮೆಟ್ಲಾ ನಾ ಇನ್ನೊಮ್ಮೆ ಇಳಿಯೂದಿಲ್ಲವ್ವಾ. ನನ್ನ ಕಾಲು ನನಗ ಗೊತ್ತೈತಿ." ಅವರು ಕಂಬಿ ಬಿಡಲಿಲ್ಲ. "ನೀವು ಹೋಗ್ರಿ. ನಾ ಇನ್ನೂ ಸ್ವಲ್ಪ ನಿಂದ್ರತೀನಿ."

ಗೀತಾ ಅತ್ತೆಯ ಮುಖ ನೋಡಿದಳು. ಪಾರ್ವತವ್ವ ಕೈಸನ್ನೆಯಿಂದ ಅವಳನ್ನು ಮೇಲೆ ಕಳುಹಿಸಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಪತಿಯ ಪಕ್ಕದಲ್ಲಿ ನಿಂತರು.

"ನೀರು ಎಲ್ಲಿಂದ ಬೀಳತೈತ್ರಿ?"

ಶಿವಲಿಂಗಪ್ಪನವರು ಕಿವಿಗೊಟ್ಟು ಕೇಳಿ, ಸದ್ದು ದಟ್ಟವಾಗಿದ್ದ ಕಡೆಗೆ ಬೆರಳು ತೋರಿದರು. ಇಬ್ಬರೂ ಆ ಬೆರಳಿನ ದಿಕ್ಕಿನಲ್ಲಿಯೇ ನೋಡುತ್ತ ನಿಂತರು. ಗಾಳಿ ತಿರುಗಿತು. ಮಂಜು ಒಂದೆಡೆ ತೆಳುವಾಗಿ ಕಪ್ಪು ಬಂಡೆಯೊಂದು ತೋರಿತು. ಬಂಡೆಯ ನೆತ್ತಿಯಿಂದ ಅಗಲವಾದ ಬಿಳುಪೊಂದು ಮುಂದಕ್ಕೆ ಬಾಗಿದಂತೆ ಕಂಡಿತು. ಅದು ಎಲ್ಲಿಗೆ ಇಳಿಯುತ್ತದೆಂದು ನೋಡುವಷ್ಟರಲ್ಲಿ ಮಂಜು ಮತ್ತೆ ಕೂಡಿಕೊಂಡಿತು.

"ನೀರೇನ್ರಿ ಅದು?"

"ಗೊತ್ತಾಗ್ಲಿಲ್ಲ," ಎಂದರು ಶಿವಲಿಂಗಪ್ಪನವರು. ಅವರ ಕಣ್ಣು ಬಂಡೆ ಮರೆಯಾದ ಜಾಗದಲ್ಲೇ ಇತ್ತು.

"ಇನ್ನೊಂಚೂರು ನಿಂದ್ರೂಣೇನು?"

"ನಿಂದ್ರೂಣು."

ಮೇಲೆ ಗೀತಾ ಎರಡು ಸಲ ಹಾರ್ನ್ ಹಾಕಿದಳಂತೆ. ಆ ಮೊರೆತದಲ್ಲಿ ಅದು ಕೆಳಗಿನವರೆಗೆ ಬರಲಿಲ್ಲ.