ಏಸಿಗೂ ಆಯುಧಪೂಜೆ

1982ರ ಆಯುಧಪೂಜೆಯ ಮಧ್ಯಾಹ್ನ, ಜಯನಗರದ ನಮ್ಮ ಚಿತ್ರಸಂಗ್ರಹದ ಏಸಿಗೆ ಪೂಜೆ ಮಾಡಿ, ಅದನ್ನು ಆರಿಸಲಾಯಿತು. ಮತ್ತೆ ಹಾಕಿದ್ದು ನಾಲ್ಕನೆಯ ದಿನ ಬೆಳಗ್ಗೆ.

ಬಾಡಿಗೆ ಮನೆಯೊಂದರ ಹಿಂದಿನ ಕೋಣೆ ನಮ್ಮ ಉಗ್ರಾಣ. ಸಾಕ್ಷ್ಯಚಿತ್ರಗಳ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿ ಜೋಡಿಸಿದ್ದೆವು. ಫಿಲ್ಮಿಗೆ ಸೆಕೆ ಆಗದು, ತೇವವೂ ಆಗದು. ಏಸಿ ಹಗಲೂ ರಾತ್ರಿಯೂ ಓಡಬೇಕು. ದಿನಕ್ಕೆರಡು ಸಲ ಉಷ್ಣಾಂಶ, ತೇವಾಂಶ ನೋಡಿ ಪುಸ್ತಕದಲ್ಲಿ ಬರೆಯಬೇಕು. ಇದನ್ನು ನಮ್ಮ ಗುಮಾಸ್ತರಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ.

"ಬೆಂಗಳೂರೇ ಒಂದು ಏಸಿ, ಸಾರ್. ಇದರೊಳಗೆ ಇನ್ನೊಂದು ಯಾಕೆ?" ಎನ್ನುತ್ತಿದ್ದರು.

ಒಂದು ಡಬ್ಬಿಗಾಗಿ ಉತ್ತರಹಳ್ಳಿಯಿಂದ ವಯಸ್ಸಾದವರೊಬ್ಬರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಊದುಬತ್ತಿ ಹೊಸೆಯುವ ಹೆಂಗಸರ ಮೇಲಿನ ಹನ್ನೊಂದು ನಿಮಿಷದ ಚಿತ್ರ ಅದು. ಅದರಲ್ಲಿ ಅವರ ಹೆಂಡತಿ ಇದ್ದರು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ನಮ್ಮಲ್ಲಿದ್ದುದು ಒಂದೇ ನೆಗೆಟಿವ್. ಅದರಿಂದ ಪ್ರಿಂಟ್ ತೆಗೆಸಲು ಮೇಲಿನಿಂದ ಮಂಜೂರಾತಿ ಬರಬೇಕಿತ್ತು.

"ಈ ತಿಂಗಳೂ ಇಲ್ವಾ ಸಾಮಿ?"

"ಜನವರಿಗೆ ತೋರಿಸ್ತೀನಿ, ಯಜಮಾನ್ರೇ."

"ಮಾತೂ ಕೇಳ್ಸುತ್ತಾ ಅದ್ರಲ್ಲಿ?"

"ಇಲ್ಲ. ಮುಖ ಕಾಣ್ಸುತ್ತೆ, ಅಷ್ಟೇ."

"ಒಳ್ಳೇದೇ ಆಯ್ತು ಬಿಡಿ. ಬೈಯೋದು ಕೇಳಲ್ಲ."

ಪೂಜೆಯ ಹೊತ್ತಿಗೆ ನಾನು ರಜೆಯಲ್ಲಿದ್ದೆ. ನಾಲ್ಕನೆಯ ದಿನ ಬಂದಾಗ ಕೋಣೆ ಕೊಳೆತ ಹೂವಿನ ವಾಸನೆ ಹೊಡೆಯುತ್ತಿತ್ತು. ಏಸಿಯ ಮೇಲೆ ಮೂರು ಪಟ್ಟೆ ವಿಭೂತಿ. ರ‍್ಯಾಕಿಗೆ ಒರಗಿದ ಬಾಳೆಕಂದು. ಪ್ರತಿ ಡಬ್ಬಿಗೂ ಅರಿಶಿನ, ಕುಂಕುಮ. ಗುಮಾಸ್ತರು ಆಗಷ್ಟೇ ಊರಿನಿಂದ ಬಂದು ಬೀಗ ತೆಗೆದಿದ್ದರು.

"ಏಸಿ ಯಾಕೆ ಆರಿಸಿದ್ರಿ?"

"ಪೂಜೆ ಮಾಡಿದ್ ಮಿಷನ್ನ ಅವತ್ತೇ ಓಡಿಸ್ತಾರಾ, ಸಾರ್? ಅದಕ್ಕೂ ಒಂದಿನ ರೆಸ್ಟ್ ಬೇಡ್ವಾ? ಮಾರನೇ ದಿನಾನೇ ಬಂದು ಹಾಕೋಣ ಅಂತಿದ್ದೆ. ಬಸ್ಸು ಸಿಗ್ಲಿಲ್ಲ."

"ಡಬ್ಬಿ ಮೇಲೆ ನೀರು?"

"ತೀರ್ಥ, ಸಾರ್. ಒಂದೂ ಬಿಡ್ದೆ ಹಾಕಿದೀನಿ."

ಉಷ್ಣಾಂಶದ ಪುಸ್ತಕ ತೆರೆದೆ. ಬಾಗಿಲಿಗೆ ಬೀಗ ಬಿದ್ದಿದ್ದ ಆ ದಿನಗಳಿಗೂ ಅಂಕಿಗಳಿದ್ದವು: ಬೆಳಗ್ಗೆ ಹದಿನಾರು, ಸಂಜೆ ಹದಿನಾರು.

"ಖಾಲಿ ಬಿಟ್ರೆ ಬೈತೀರಲ್ಲ ನೀವು. ಹೋಗೋಕ್ ಮುಂಚೆನೇ ಬರ್ದಿಟ್ಟೆ" ಎಂದರು.

ಡಬ್ಬಿಗಳನ್ನು ಒರೆಸಿದೆ. ಅವುಗಳಿಗೆ ಸೀಲ್ ಹಾಕಿತ್ತು. ತೆರೆಯಲು ಮೇಲಿನವರ ಒಪ್ಪಿಗೆ ಬೇಕು. ಅಂದೇ ಪತ್ರ ಬರೆದೆ. ಆಮೇಲೆ ಮೂರು ಜ್ಞಾಪನಾ ಪತ್ರ. ಉತ್ತರ ಬಂದದ್ದು ಜನವರಿಯಲ್ಲಿ, ಪ್ರಿಂಟಿನ ಮಂಜೂರಾತಿಯ ಜೊತೆಯಲ್ಲೇ, ಒಂದೇ ಲಕೋಟೆಯಲ್ಲಿ.

ಊದುಬತ್ತಿಯ ಡಬ್ಬಿ ತೆರೆದ ದಿನ ಉತ್ತರಹಳ್ಳಿಯ ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮುಚ್ಚಳದ ಅಂಚಿನಿಂದ ನೀರು ಒಳಗಿಳಿದಿತ್ತು. ಸುತ್ತುಗಳು ಒಂದಕ್ಕೊಂದು ಅಂಟಿದ್ದವು; ಬೂಷ್ಟು ಚಿತ್ರವನ್ನೇ ತಿಂದಿತ್ತು. ಲ್ಯಾಬಿನವರು ಬಿಡಿಸಿ ತೊಳೆದು, ಉಳಿದ ಇಪ್ಪತ್ತು ಅಡಿಯ ಪ್ರಿಂಟ್ ತೆಗೆದುಕೊಟ್ಟರು. ಅದನ್ನು ಓಡಿಸಿದರೆ ಅರ್ಧ ನಿಮಿಷವೂ ಆಗದು. ಅದರಲ್ಲಿ ಮಣೆಯ ಮೇಲೆ ಊದುಬತ್ತಿ ಹೊಸೆಯುವ ಎರಡು ಕೈಗಳಿದ್ದವು. ಮುಖವಿರಲಿಲ್ಲ.

ಮುಂದಿನ ತಿಂಗಳು ಬಂದ ಯಜಮಾನರು ಎರಡು ಸಲ ಹಾಕಿಸಿ ನೋಡಿದರು.

"ಇವಳದೇ. ಕಿರುಬೆರಳು ಸೊಟ್ಟ ಇದೆ, ನೋಡಿ" ಎಂದರು.

1983ರ ಮಾರ್ಚಿನಲ್ಲಿ ಆ ತುಣುಕಿನಿಂದ ಒಂದು ಫೋಟೋ ಮಾಡಿಸಿಕೊಟ್ಟೆ. 1988ರಲ್ಲಿ ಉತ್ತರಹಳ್ಳಿಗೆ ಹೋದಾಗ ಅದು ಅವರ ನಡುಮನೆಯ ಗೋಡೆಯಲ್ಲಿತ್ತು. ಹಾರ ಹಾಕಿದ್ದರು. ಗಾಜಿನ ಮೇಲೆ ಕುಂಕುಮವಿತ್ತು.