ನಮ್ಮ ಮನೆಯ ಮಗ್ಗದ ಸದ್ದು

ಮೊನ್ನೆ ಪಂಚಮಿಗೆಂದು ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿದ್ದ ಹಳೆಯ ಡಬ್ಬಿ ಕೈತಪ್ಪಿ ಬಿತ್ತು. ಅದರೊಳಗಿಂದ ಒಂದು ಕಂಡಿಕೆ ಉರುಳಿ ಬಂದು ನನ್ನ ಕಾಲ ಬಳಿ ನಿಂತಿತು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂಡಿಸುವ, ನೂಲು ಸುತ್ತಿದ ಚಿಕ್ಕ ಕಡ್ಡಿ. ಬನಹಟ್ಟಿಯಲ್ಲಿ ಇಂಥವು ಕಸದಲ್ಲೂ ಸಿಗುತ್ತವೆ. ಆದರೆ ಇದರ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ನಡುವೆ ಗಂಟು ಬೇರೆ. ಇಷ್ಟು ಕೆಟ್ಟದಾಗಿ ಕಂಡಿಕೆ ಸುತ್ತಿದವರು ನಮ್ಮ ಮನೆಯಲ್ಲಿ ಒಬ್ಬರೇ... ಅಕ್ಕೋರು.

ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ಕಲಿಸುತ್ತಿದ್ದದ್ದು ಧಾರವಾಡದಲ್ಲಿ, ದೊಡ್ಡ ಹುಡುಗರಿಗೆ. ವಯಸ್ಸಾದವರು ಹೇಗೆ ಬದುಕುತ್ತಾರೆ, ಮನೆಯವರು ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ವಿಶ್ವವಿದ್ಯಾಲಯದ ಸಂಶೋಧನೆ ನಡೆದಿತ್ತಂತೆ. ಆಣೆಕಟ್ಟಿನ ಹಿನ್ನೀರು ಬಂದು ಬೀಳಗಿ ಕಡೆಯ ಊರುಗಳು ಎದ್ದು ಬೇರೆ ಕಡೆ ಹೋಗಿದ್ದವಲ್ಲ, ಆ ಹೊಸ ಊರುಗಳ ಮುದುಕರನ್ನು ಕಂಡು ಮಾತಾಡಿಸಿ ನಮ್ಮ ನೇಕಾರರ ಓಣಿಗೆ ಬಂದಿದ್ದರು. ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಹೆಗಲಿಗೊಂದು ಚೀಲ ಹಾಕಿಕೊಂಡು, ಬಿಸಿಲಿಗೆ ಕೆಂಪಾದ ಮುಖದಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅವರು ಬಂದ ಹೊತ್ತು ಮಾತ್ರ ಒಳ್ಳೆಯದಿರಲಿಲ್ಲ. ನಮ್ಮ ಅತ್ತೆಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು. ಮಾತು ತೊದಲುತ್ತಿತ್ತು. ದವಾಖಾನೆಯಿಂದ ಮನೆಗೆ ಕರೆತಂದಾಗ ಡಾಕ್ಟರು, ಚೆನ್ನಾಗಿ ವಿಶ್ರಾಂತಿ ಕೊಡಿ ಎಂದಿದ್ದರು. ನಮ್ಮ ಮನೆಯವರಿಗೆ ಅವ್ವನೆಂದರೆ ಜೀವ. ಮಗ್ಗದ ಸದ್ದಿನಲ್ಲಿ ಅವ್ವನಿಗೆ ನಿದ್ದೆ ಹೇಗೆ ಬಂದೀತು ಎಂದು ಮನೆಯ ಎರಡೂ ಮಗ್ಗ ಬಂದ್ ಮಾಡಿಬಿಟ್ಟರು. ನಾವು ಪಿಸುಮಾತಿನಲ್ಲಿ ಮಾತಾಡಿದೆವು, ಮಕ್ಕಳನ್ನು ಗದರಿ ಹೊರಗೆ ಕಳಿಸಿದೆವು. ಇಷ್ಟೆಲ್ಲ ಮಾಡಿದರೂ ಅತ್ತೆ ದಿನದಿಂದ ದಿನಕ್ಕೆ ಬಾಡಿದರು. ಕೊನೆಗೆ ಗಂಜಿಯ ಚಮಚ ಬಾಯಿಗೆ ಹಿಡಿದರೆ ಮುಖ ಗೋಡೆಯ ಕಡೆ ತಿರುಗಿಸತೊಡಗಿದರು. ನೋಡಲು ಬಂದವರು, ಇನ್ನು ಹೆಚ್ಚು ದಿನ ಇಲ್ಲ ಎಂದು ಅಂಗಳದಲ್ಲೇ ಹೇಳಿ ಹೋದರು. ನನಗೆ ಮೈ ಉರಿಯುತ್ತಿತ್ತು. ಅವರ ಮೇಲೋ, ಕೈಲಾಗದ ನನ್ನ ಮೇಲೋ, ತಿಳಿಯದು.

ಅಕ್ಕೋರು ಹಾಸಿಗೆಯ ಪಕ್ಕ ನೆಲಕ್ಕೆ ಕೂತು, ತಂದಿದ್ದ ಕಾಗದ ತೆಗೆದು, "ಆಯಿ, ಊಟ ಸೇರತೈತ್ರಿ?" ಎಂದು ಕೇಳಿದರು. ಅತ್ತೆ ಏನೋ ತೊದಲಿದರು. ನಮಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆಲ್ಲ ಹೂಂ ಎನ್ನುವುದು ನಮಗೆ ರೂಢಿಯಾಗಿತ್ತು. ಅಕ್ಕೋರು ಹೂಂ ಎನ್ನಲಿಲ್ಲ. ಕಾಗದ ಚೀಲಕ್ಕೆ ಹಾಕಿ, "ಇನ್ನೊಮ್ಮೆ ಹೇಳ್ರಿ ಆಯಿ, ನನಗೇನ ಅವಸರಿಲ್ಲ" ಎಂದು ಸುಮ್ಮನೆ ಕೂತರು. ಒಂದೊಂದೇ ಮಾತು ಹೊರಬರಲು ಅತ್ತೆ ಪಟ್ಟ ಪಾಡು...

"ನನ್ನ ಮಗಳು ಸತ್ತಾಳ. ನನಗ ಯಾರೂ ಹೇಳವಲ್ರು."

ನಾನು ಬೆಚ್ಚಿಬಿದ್ದೆ. ನಾದಿನಿ ಲೋಕಾಪುರದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಳು. ತಾಯಿಯನ್ನು ದವಾಖಾನೆಯಲ್ಲಿ ನೋಡಿಕೊಂಡು, ಮಕ್ಕಳ ಪರೀಕ್ಷೆ ಇದೆಯೆಂದು ಊರಿಗೆ ಹೋಗಿದ್ದಳು, ಅಷ್ಟೇ. "ಹಂಗ್ಯಾಕ ಅಂತೀರಿ ಅತ್ತಿ?" ಎಂದೆ. ಅತ್ತೆ ಎಡಗೈ ಎತ್ತಿ ಮಗ್ಗದ ಕೋಣೆಯ ಕಡೆ ತೋರಿಸಿದರು.

ಆಗ ನನಗೆ ಹೊಳೆಯಿತು. ಅಕ್ಕೋರಿಗೆ ಬಿಡಿಸಿ ಹೇಳಿದೆ. ನಮ್ಮಲ್ಲಿ ಕರೆಂಟು ಹೋದರೆ ಇಡೀ ಓಣಿಯ ಮಗ್ಗ ನಿಲ್ಲುತ್ತವೆ. ಓಣಿಯೆಲ್ಲ ಖಟಖಟ ಅನ್ನುವಾಗ ಒಂದೇ ಮನೆಯ ಮಗ್ಗ ನಿಂತಿದೆಯೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಅತ್ತೆ ಮಲಗಿದಲ್ಲೇ ಅಕ್ಕಪಕ್ಕದ ಮಗ್ಗ ಕೇಳಿಸಿಕೊಂಡಿದ್ದರು, ನಮ್ಮದು ಕೇಳಿರಲಿಲ್ಲ. ಮೇಲಿಂದ ನಮ್ಮ ಪಿಸುಮಾತು. ಮಗಳು ಬೇರೆ ಕಣ್ಣಿಗೆ ಬಿದ್ದಿಲ್ಲ. ಲೆಕ್ಕ ಸರಿಯಾಗಿಯೇ ಕೂಡಿತ್ತು, ಪಾಪ.

ಅಕ್ಕೋರು ಎದ್ದು ನಿಂತರು. "ಮಗ್ಗ ಚಾಲೂ ಮಾಡ್ರಿ."

"ಅವ್ವಗ ತ್ರಾಸ ಆಕ್ಕೈತ್ರಿ," ಎಂದರು ನಮ್ಮ ಮನೆಯವರು.

"ಈಗ ಆಗಿದ್ದಕ್ಕಿಂತ ಹೆಚ್ಚೇನ ಆಗೂದಿಲ್ರಿ. ಹಚ್ಚ್ರಿ ಮೊದಲ."

ಮಗ್ಗ ಶುರುವಾಯಿತು. ಅತ್ತೆ ಕಣ್ಣು ಮುಚ್ಚಿ ಕೇಳುತ್ತ ಮಲಗಿದರು. ಕಣ್ಣಂಚಿನಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಅಕ್ಕೋರು ಅವರನ್ನು ಎಬ್ಬಿಸಿ ದಿಂಬಿಗೆ ಆನಿಸಿ ಕೂಡಿಸಿ, "ಮಲಗಿಸಿ ಉಣಸಬ್ಯಾಡವಾ, ನೆತ್ತಿಗೇರತೈತಿ" ಎಂದು ನನ್ನ ಕೈಗೆ ಗಂಜಿಯ ಬಟ್ಟಲು ಕೊಟ್ಟರು. ಅತ್ತೆ ಬಾಯಿ ತೆರೆದರು. ಮರುದಿನ ನಾದಿನಿಯೂ ಬಂದಳು. ಆದರೆ ಅತ್ತೆ ನಂಬಿದ್ದು ಮೊದಲು ಮಗ್ಗವನ್ನೇ.

ಸಂಶೋಧನೆಗೆ ಬಂದವರು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಇವರೂ ಹಾಗೇ ಎಂದುಕೊಂಡಿದ್ದೆ. ಮುಂದಿನ ವಾರ ಅದೇ ಚೀಲ, ಅದೇ ಕೆಂಪು ಮುಖ ಬಾಗಿಲಲ್ಲಿ! ಬಿದ್ದ ಕೈಗೆ ಕೆಲಸ ಕೊಡಬೇಕು ಎಂದು ಕೂತರು. ಹಿಟ್ಟಿನ ಉಂಡೆ ಒತ್ತಿಸಿ ನೋಡಿದರು, ಅತ್ತೆ ಅದನ್ನು ಬದಿಗಿಟ್ಟರು. ಕೊನೆಗೆ ಅತ್ತೆ ಕಂಡಿಕೆ ಸುತ್ತುತ್ತಿದ್ದ ಹಳೆಯ ರಾಟೆಯನ್ನೇ ಹಾಸಿಗೆಯ ಪಕ್ಕ ಎಳೆದು ತಂದೆವು. ಅತ್ತೆಯ ಬಲಗೈ ರಾಟೆಯ ಹಿಡಿಯ ಮೇಲೆ, ಅದರ ಮೇಲೆ ಅಕ್ಕೋರ ಕೈ. ತಿರುಗಿಸುವುದು, ಜಾರುವುದು, ಮತ್ತೆ ಹಿಡಿಯುವುದು. ಅತ್ತೆ ಸಿಟ್ಟಿಗೆದ್ದು ಅತ್ತದ್ದೂ ಉಂಟು. "ಅಳ್ರಿ ಆಯಿ, ಆದರ ಕೈ ಬಿಡಬ್ಯಾಡ್ರಿ," ಎನ್ನುತ್ತಿದ್ದರು ಅಕ್ಕೋರು. ಇಬ್ಬರೂ ಜಗಮೊಂಡರು. ಉಗಾದಿ ಹೊತ್ತಿಗೆ ಆ ಕೈ ತಾನಾಗಿ ರಾಟೆ ತಿರುಗಿಸಿತು. ಮಳೆಗಾಲದಲ್ಲಿ ಅತ್ತೆ ಗೋಡೆ ಹಿಡಿದು ಬಚ್ಚಲಿಗೆ ನಡೆದರು.

ಆಮೇಲೆ ನಮ್ಮ ಪಡಸಾಲೆಗೆ ಓಣಿಯ ಮುದುಕರೆಲ್ಲ ಬರತೊಡಗಿದರು. ಬರಲಾಗದವರನ್ನು ಅವರ ಸೊಸೆಯಂದಿರು ಕೈಹಿಡಿದು ಕರೆತಂದರು. ರಾಟೆ ತಿರುಗಿಸುತ್ತ ಮಾತು, ಜಗಳ, ನಗು. ಹಾಸಿಗೆ ಹಿಡಿದವರನ್ನು ಹೊರಳಿಸುವುದು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು, ಸೊಸೆಗೂ ಒಂದು ದಿನ ಬಿಡುವು ಕೊಡಲು ನೆರೆಯವರು ಪಾಳಿ ಹಚ್ಚಿಕೊಳ್ಳುವುದು, ಎಲ್ಲ ಅಕ್ಕೋರು ನಮ್ಮ ಕೈಯಿಂದಲೇ ಮಾಡಿಸಿ ಕಲಿಸಿದರು. ಒಮ್ಮೆ ತಾವೂ ರಾಟೆಗೆ ಕೂತು ಒಂದು ಕಂಡಿಕೆ ಸುತ್ತಿದರು. ಅತ್ತೆ ಅದನ್ನು ತಿರುವಿ ನೋಡಿ, "ಇದನ್ನ ಹಾಕಿದ್ರ ಲಾಳಿ ಮನಿ ಬಿಟ್ಟು ಓಡಿಹೊಕ್ಕೈತ್ರಿ ಅಕ್ಕೋರ!" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕೋರೇ. ಆ ಕಂಡಿಕೆಯನ್ನು ಅತ್ತೆ ಬಿಸಾಕಲಿಲ್ಲ ಎಂಬುದು ನನಗೆ ಗೊತ್ತಾದದ್ದು ಮೊನ್ನೆ.

ಒಂದು ದಿನ ವಿಶ್ವವಿದ್ಯಾಲಯದ ಯೋಜನೆ ಮುಗಿಯಿತು. ಇನ್ನು ನೀವು ಬರೂದಿಲ್ಲೇನ್ರಿ ಎಂದು ಕೇಳಿದ್ದಕ್ಕೆ, "ಯೋಜನೆ ಮುಗೀತವಾ, ಮುದುಕರು ಮುಗದಾರೇನು?" ಎಂದರು. ಬಂದೇ ಬಂದರು. ಅತ್ತೆ ಇನ್ನೂ ಕೆಲವು ವರ್ಷ ಬಾಳಿ, ಮಗಳ ಮಗಳ ಮದುವೆಯನ್ನೂ ನೋಡಿ ತೀರಿಕೊಂಡರು. ಆಮೇಲೂ ಅಕ್ಕೋರು ಬರುತ್ತಿದ್ದರು. ಮುಂದೆ ಮೊಣಕಾಲು ಸೋತು ಬಸ್ಸು ಹತ್ತುವುದು ಆಗದಾಯಿತು. ಫೋನಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುವುದನ್ನು ಮಾತ್ರ ಬಿಡಲಿಲ್ಲ...

ಒಂದು ಮಧ್ಯಾಹ್ನ ಅದೇ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಅವರ ತಂಗಿ. ಫೋನಿಟ್ಟು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ನಮ್ಮ ಮನೆಯವರಿಗೆ ಸುದ್ದಿ ಹೇಳಿದೆ. ಅವರು ಹೋಗಿ ಎರಡೂ ಮಗ್ಗ ಬಂದ್ ಮಾಡಿದರು. ಓಣಿಯೆಲ್ಲ ಖಟಖಟ, ನಮ್ಮ ಮನೆಯೊಂದು ಮೌನ. ಸ್ವಲ್ಪ ಹೊತ್ತಿಗೇ ಪಕ್ಕದ ಮನೆಯಾಕೆ ಗಾಬರಿಯಿಂದ ಓಡಿ ಬಂದಳು.

"ಯಾರು ಹೋದ್ರು ಬೇ?"

"ನಮ್ಮವರು," ಎಂದೆ.

ಮರುದಿನ ಬೆಳಿಗ್ಗೆ ಮಗ್ಗ ಹಚ್ಚಿದೆವು, ಮುದುಕರೂ ಬಂದರು. ನಿಲ್ಲಿಸಿದರೆ ಅಕ್ಕೋರು ಬೈಯದೆ ಬಿಡುತ್ತಿರಲಿಲ್ಲ. ಈಗಲೂ ಬರುತ್ತಾರೆ. ರಾಟೆ ಕಡಿಮೆಯಾಗಿವೆ, ಮುದುಕರು ಹೆಚ್ಚಾಗಿದ್ದಾರೆ. ನನ್ನ ಮೊಣಕಾಲೂ ಇತ್ತೀಚೆಗೆ ನನ್ನ ಮಾತು ಕೇಳುತ್ತಿಲ್ಲ. ಮೊನ್ನೆ ಸಿಕ್ಕ ಕಂಡಿಕೆಯನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದೆ. ಹೊಸದಾಗಿ ಬರತೊಡಗಿದ ಅಜ್ಜಿಯೊಬ್ಬರು, ನಡುಗುವ ಕೈಯವರು, ಅದನ್ನು ಎತ್ತಿಕೊಂಡು ನಕ್ಕರು. "ಯಾರವಾ ಇದನ್ನ ಸುತ್ತಿದವರು? ಬಿಚ್ಚಿ ಛಲೋ ಸುತ್ತಿ ಕೊಡ್ಲೇನು?"

"ಬ್ಯಾಡ್ರಿ ಅಜ್ಜಿ," ಎಂದು ಅವರ ಕೈಗೆ ಬೇರೆ ನೂಲು ಕೊಟ್ಟೆ. "ಅದೊಂದು ಹಂಗ ಇರಲಿ."