ಡಾಬು ವಾಪಸ್ಸು ಕೊಡುವವಳು

ಮಾನ್ವಿಯ ಶಾಲೆ ಮಾಸ್ತರರ ಮಗಳಾದ ನಾನು ದೇವದುರ್ಗದ ವಾಡೆಗೆ ಸೊಸೆಯಾಗಿ ಹೋದದ್ದು ಎಪ್ಪತ್ತರ ದಶಕದ ನಡುವೆ. ನೂರಾರು ಎಕರೆಯ ಮನೆತನ. ನನಗಂತೂ ಅಲ್ಲಿ ನೀರು ಕುಡಿಯುವುದಕ್ಕೂ ಅಂಜಿಕೆ, ಲೋಟವೂ ಬೆಳ್ಳಿಯದು!

ಮನೆಯ ಹಳೆಯ ಬಂಗಾರವೆಲ್ಲ ಅತ್ತೆಯ ಟ್ರಂಕಿನಲ್ಲಿ. ಹಬ್ಬಕ್ಕೆ ಬೀಗ ತೆಗೆದು ಮೂವರು ಸೊಸೆಯಂದಿರಿಗೂ ಹಂಚುತ್ತಿದ್ದರು. ಹಬ್ಬ ಮುಗಿದರೆ ಎಲ್ಲವೂ ಮತ್ತೆ ಟ್ರಂಕಿಗೆ. ನನ್ನ ಪಾಲಿಗೆ ಬರುತ್ತಿದ್ದದ್ದು ಸೊಂಟಕ್ಕೆ ಕಟ್ಟುವ ಡಾಬು, ಅತ್ತೆಯ ಅತ್ತೆಯದು. ನನ್ನ ನೆಗೆಣ್ಣಿಯರಿಬ್ಬರೂ ವಾರವಾದರೂ ಒಡವೆ ಬಿಚ್ಚುತ್ತಿರಲಿಲ್ಲ. ಒಬ್ಬಳು ಸರವನ್ನು ಬಚ್ಚಲ ಗೂಡಿನಲ್ಲಿ ಮರೆತು ಬೈಸಿಕೊಳ್ಳುವಳು, ಇನ್ನೊಬ್ಬಳು ಕೈಯ ಪಾಟ್ಲಿ ವಾಪಸ್ಸು ಕೇಳಿದರೆ ಮುಖ ಊದಿಸುವಳು. ನಾನೋ, ಊಟದ ಕೈ ತೊಳೆದ ಕೂಡಲೇ ಡಾಬು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅತ್ತೆಯ ಕೈಗೆ ಕೊಡುತ್ತಿದ್ದೆ. ಮಾಸ್ತರನ ಮಗಳು ಬಂಗಾರ ಕಂಡು ಬಾಯಿ ಬಿಟ್ಟಳು ಅಂತ ಯಾರೂ ಅನ್ನಬಾರದು, ಅದೇ ನನ್ನ ಹಟ. ಎಂಥ ಜಂಬ ನನ್ನದು!

ಹೀಗೇ ಏಳು ವರ್ಷ ನಡೆಯಿತು. ರಾಯಚೂರಿನಲ್ಲಿ ನಾದಿನಿಯ ಮದುವೆ. ಅಕ್ಷತೆ ಬಿದ್ದು ಊಟ ಮುಗಿದದ್ದೇ ಡಾಬು ಬಿಚ್ಚಿ ಚಾಚಿದೆ. ಅತ್ತೆ ಕೈ ಮುಂದೆ ಮಾಡಲಿಲ್ಲ.

“ಯಾಕವಾ, ಏಳು ವರ್ಷಾತು, ಇನ್ನಾ ಓಣಿಯಾಕಿ ಎರವಲ ಒಯ್ದಂಗ ವಾಪಸ್ ಕೊಡಾಕತ್ತೀಯಲ್ಲ? ಅವರಿಬ್ಬರೂ ಒಂದ್ ಸಲನಾದ್ರೂ ಕೇಳದ ಕೊಟ್ಟಾರೇನು? ತಮ್ಮ ಮನಿ ಅಂತಾರ, ಅದಕ್ಕ ಕೊಡಂಗಿಲ್ಲ. ನಿನಗ ಬೈಯೋ ಭಾಗ್ಯನೂ ನನಗಿಲ್ಲ,” ಅಂದರು. ಅವರ ಕಣ್ಣು ತುಂಬಿತ್ತು.

ನನಗೆ ಸಿಟ್ಟೇ ಬಂತು. “ಇದನ್ನ ಮೊದಲ ಹೇಳಬಾರದೇನ್ರಿ ಅತ್ತಿ? ಕಳದರ ಏನ್ ಗತಿ ಅಂತ ಹಬ್ಬದಾಗ ನನಗ ಹೋಳಿಗಿನೂ ಗಂಟಲದಾಗ ಇಳೀತಿರಲಿಲ್ಲ!” ಅಂದೆ. ಅಂದವಳೇ ಅವರ ತೊಡೆಯ ಮೇಲೆ ತಲೆಯಿಟ್ಟು ಗಳಗಳ ಅತ್ತುಬಿಟ್ಟೆ.

ಮುಂದಿನ ಪಂಚಮಿಗೆ ಡಾಬು ಕಟ್ಟಿಕೊಂಡೇ ಜೋಕಾಲಿ ಆಡಿದೆ. ಕಟ್ಟಿಕೊಂಡೇ ಮಲಗಿದೆ. ಸೊಂಟದ ಮೇಲೆ ಬರೆ ಬಿತ್ತು, ಆದರೂ ಬಿಚ್ಚಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಪಡಸಾಲೆಯಿಂದ ಅತ್ತೆಯ ದನಿ ಬಂತು: “ಲೇ ಮಾನ್ವಿಯಾಕಿ, ಡಾಬು ಎಲ್ಲಿಟ್ಟೀ? ನಿಮ್ಮಪ್ಪನ ಗಂಟೇನು ಅದು?”

ನೆಗೆಣ್ಣಿಯರು ಕಿಸಕ್ಕನೆ ನಕ್ಕರು. ಮದುವೆಯಾದ ಹೊಸತರಲ್ಲಿ ಈ ಮಾತು ಕೇಳಿದ್ದರೆ ಅಂದೇ ಮಾನ್ವಿಯ ಬಸ್ಸು ಹತ್ತುತ್ತಿದ್ದೆ.

“ತಡೀರಿ ಅತ್ತಿ, ತರ್ತೀನಿ!” ಎಂದು ಕೂಗಿ, ಡಾಬನ್ನು ಸೊಂಟಕ್ಕೆ ಇನ್ನಷ್ಟು ಬಿಗಿ ಮಾಡಿಕೊಂಡು, ರೊಟ್ಟಿ ಬಡಿಯುತ್ತ ಕೂತೇ ಇದ್ದೆ.